ತೆಗಿ ಅಂದರೆ ಯಾವ ತೆಗಿ?

ನಮ್ಮ ಮಾಮಾ ಒಟ್ಟು ಏಳು ಮಂದಿಯ ಕುತ್ತಿಗೆ ಕತ್ತರಿಸಿದವರು. ಗಾಬರಿಯಾಗಬೇಡಿ, ಇದು ಪೊಲೀಸರಿಗೂ ಗೊತ್ತಿದ್ದ ಸಂಗತಿಯೇ. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆಂದು ಬಂದ ಹವಾಲ್ದಾರರೊಬ್ಬರು ನನ್ನ ಪಕ್ಕದಲ್ಲೇ ಕೂತು, ಚಹಾ ಕುಡಿಯುತ್ತ, ಮೂರನೆಯ ಕೊಲೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದಾರೆ. ಕತ್ತರಿಸಿದ ಕೈ ಮಾತ್ರ ಮಾಮಾನದಲ್ಲ, ನನ್ನದು. ಇನ್ನೂ ನಿಜ ಹೇಳಬೇಕೆಂದರೆ ಆ ಏಳರಲ್ಲಿ ಏಳನೆಯವನೂ ನಾನೇ. ತನ್ನ ಕುತ್ತಿಗೆಯನ್ನು ತಾನೇ ಕತ್ತರಿಸಿ, ಆ ಜಾಗದಲ್ಲಿ ಒಂದು ಬಲೂನು ಕಟ್ಟಿ, "ಸರಿ ಆತೇನ್ರಿ ಮಾಮಾ?" ಎಂದು ವಿನಯದಿಂದ ಕೇಳಿದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಸಿಂದಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಇನ್ನು ಕಂಪ್ಯೂಟರ್ ಇಲ್ಲದೆ ಬದುಕಿಲ್ಲ ಎಂದು ಯಾರೋ ಹೆದರಿಸಿದರು. ವಿಜಾಪುರಕ್ಕೆ ಹೋಗಿ ಹದಿನೈದು ದಿನ ಫೋಟೋ ತಿದ್ದುವ ಸಾಫ್ಟ್‌ವೇರ್ ಕಲಿತು ಬಂದೆ. ಹದಿನೈದರಲ್ಲಿ ಒಂಬತ್ತು ದಿನ ಕರೆಂಟ್ ಇರಲಿಲ್ಲ. ಉಳಿದ ಆರು ದಿನದಲ್ಲಿ ಕಲಿತದ್ದು ಒಂದೇ ವಿದ್ಯೆ: ಫೋಟೋದಲ್ಲಿರುವ ಮನುಷ್ಯನ ಸುತ್ತ ಮೌಸಿನಿಂದ ಗೆರೆ ಎಳೆಯುವುದು, ಅವನನ್ನು ಕಿತ್ತುಹಾಕುವುದು, ಖಾಲಿ ಬಿದ್ದ ಜಾಗಕ್ಕೆ ಅಕ್ಕಪಕ್ಕದ ಬಣ್ಣ ತಂದು ತೇಪೆ ಹಚ್ಚುವುದು. ಇಷ್ಟಕ್ಕೇ ನನಗೆ ಎಷ್ಟು ಸೊಕ್ಕು ಬಂತೆಂದರೆ, ಊರಿಗೆ ಬಂದವನೇ ಬೋರ್ಡು ಬರೆಸಿ ಹಾಕಿಬಿಟ್ಟೆ: "ಫೋಟೋದಲ್ಲಿ ಬೇಡವಾದವರನ್ನು ಸ್ವಚ್ಛವಾಗಿ ತೆಗೆದುಕೊಡಲಾಗುವುದು."

ಬೋರ್ಡು ಓದಿದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು ಕೇಳಿದರು: "ಫೋಟೋದಿಂದ ಅಷ್ಟ ತೆಗೀತೀಯೋ, ಮನಿಯಿಂದನೂ ತೆಗೀತೀಯೋ?"

ಸ್ವಚ್ಛವಾಗಿ ಎಂಬ ಮಾತು ಸ್ವಲ್ಪ ಹೆಚ್ಚೇ ಆಗಿತ್ತು. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರಿನ ಗುಂಡು ಇರುತ್ತಿತ್ತು. ನಮ್ಮೂರಿನ ಧೂಳು ಆ ಗುಂಡಿಗೆ ಮೆತ್ತಿಕೊಂಡು ಮೌಸು ಹಟಮಾರಿ ಎತ್ತಿನ ಹಾಗೆ ನಿಂತಲ್ಲೇ ನಿಲ್ಲುತ್ತಿತ್ತು, ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಅದು ಜಿಗಿಯುವ ಜಾಗ ಯಾವಾಗಲೂ ಕಿವಿಯೇ. ಹಣೆಯಿಂದ ಇಳಿದು ಬಂದ ಗೆರೆ ಕಿವಿಯ ಹತ್ತಿರ ಮುಗ್ಗರಿಸಿ ನೇರ ಭುಜಕ್ಕೆ ಹೋಗಿ ಬೀಳುತ್ತಿತ್ತು. ಆ ವರ್ಷ ನಮ್ಮ ತಾಲೂಕಿನಿಂದ ನೌಕರಿಗೆ ಅರ್ಜಿ ಹಾಕಿದ ಎಷ್ಟೋ ಮಂದಿ ಒಂಟಿ ಕಿವಿಯವರು. ಅವರಲ್ಲಿ ಕೆಲವರಿಗೆ ನೌಕರಿಯೂ ಸಿಕ್ಕಿತು ಎಂದು ಹೇಳಿಕೊಂಡು ನಾನು ಇವತ್ತಿಗೂ ಸಮಾಧಾನ ಮಾಡಿಕೊಳ್ಳುತ್ತೇನೆ.

ಮತ್ತೆ ನಮ್ಮ ಕಸುಬಿನಲ್ಲಿ ಎಲ್ಲದಕ್ಕೂ ಒಂದೇ ಶಬ್ದ ನೋಡಿ: ತೆಗಿ. ಫೋಟೋ ತೆಗಿ. ಚಸ್ಮಾ ತೆಗಿ. ಮೊದಲು ನಮ್ಮ ಅಪ್ಪನ್ನ ತೆಗಿ, ಆಮೇಲೆ ನಮ್ಮಿಬ್ಬರನ್ನ ತೆಗಿ. ಹಿಂದಿನ ಗೋಡೆ ತೆಗಿ. ಕ್ಯಾಮೆರಾ ಮಾತ್ರ ಇದ್ದಾಗ ಈ ಶಬ್ದದಿಂದ ಯಾರಿಗೂ ಅಪಾಯ ಇರಲಿಲ್ಲ. ಕಂಪ್ಯೂಟರ್ ಬಂದಮೇಲೆ ಇದೇ ಶಬ್ದಕ್ಕೆ ಹಲ್ಲು ಮೂಡಿದವು.

ಇಂಥ ನನಗೆ ಸಿಕ್ಕ ಖಾಯಂ ಗಿರಾಕಿ ನಮ್ಮ ಮಾಮಾ. ಮಾಮಾ ಎಂದರೆ ನನ್ನ ಅವ್ವನ ಖಾಸಾ ಅಣ್ಣ, ಮುದ್ದೇಬಿಹಾಳದವರು. ಹೊಲದ ಗಡಿ ಅಳೆಯುವ ಮೋಜಣಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಜೀವಮಾನವಿಡೀ ಬೇರೆಯವರ ಹೊಲದಲ್ಲಿ ಸರಪಳಿ ಎಳೆದು, ಇದು ಅಣ್ಣನದು, ಇದು ತಮ್ಮನದು ಎಂದು ಹದ್ದಿನ ಕಲ್ಲು ಹುಗಿಸಿದ ಕೈ ಅವರದು. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನೆ ಕೂಡಲಿಲ್ಲ. ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ಸ್ಕೇಲು, ಒಂದು ಭೂತಗನ್ನಡಿ ಸದಾ ಇರುತ್ತಿದ್ದವು. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಪಕ್ಕದವರ ಮೊಣಕೈ ತಮ್ಮ ಹದ್ದಿನೊಳಗೆ ಬರುತ್ತದೆಯೇ ಎಂದು ಮೊದಲು ನೋಡಿಕೊಳ್ಳುವರು. ಮನೆಯ ಪಡಸಾಲೆಯಲ್ಲಿ ತಮ್ಮ ಮಂಚಕ್ಕೂ ಅತ್ತೆಯ ಮಂಚಕ್ಕೂ ನಡುವೆ ಸುಣ್ಣದ ಗೆರೆ ಹಾಕಿದ್ದರು. ಅತ್ತೆ ದಿನಾ ಕಸ ಗುಡಿಸುವಾಗ ಆ ಗೆರೆಯನ್ನೂ ಗುಡಿಸಿಹಾಕುವರು, ಮಾಮಾ ದಿನಾ ಹಾಕುವರು. ಚಹಾಕ್ಕೆ ಸಕ್ಕರೆ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಇಬ್ಬರಿಗೂ ದಿನಕ್ಕೆ ಎರಡು ಸಲ ಜಗಳ. ಮೂರನೆಯ ಚಹಾ ಇದ್ದ ದಿನ ಮೂರು.

ಮಾಮಾನ ಮಗಳ ಮದುವೆ ಬಸವನ ಬಾಗೇವಾಡಿಯಲ್ಲಿ ಆಯಿತು, ಬೀಗರ ಊರಿನಲ್ಲಿ. ಅಕ್ಷತೆ ಬಿದ್ದ ಮೇಲೆ ಮೂವತ್ತು ಮಂದಿಯನ್ನು ಮೂರು ಸಾಲಿನಲ್ಲಿ ನಿಲ್ಲಿಸಿ, ಕ್ಯಾಮೆರಾದ ಟೈಮರ್ ಹಚ್ಚಿ, ಓಡಿಹೋಗಿ ಹಿಂದಿನ ಸಾಲಿನಲ್ಲಿ ನಾನೂ ತಲೆ ತೂರಿಸಿ ಒಂದು ಗ್ರೂಪ್ ಫೋಟೋ ತೆಗೆದಿದ್ದೆ. ಮುಂದಿನ ಸಾಲಿನ ಖುರ್ಚಿಗಳಲ್ಲಿ ನಟ್ಟನಡುವೆ ಮಾಮಾ, ಗಾಂಧಿ ಟೊಪ್ಪಿಗೆ, ಹೆಗಲ ಮೇಲೆ ಬಿಳಿ ಶಲ್ಯ. ಅವರ ಎಡಕ್ಕೆ ತಲೆತುಂಬ ಸೆರಗು ಹೊದ್ದ ಅತ್ತೆ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಮುದ್ದೇಬಿಹಾಳದ ಮನೆಯ ಗೋಡೆಗೆ ಹಾಕಿಕೊಟ್ಟೆ. ನೆಗೆಟಿವ್ ಎಲ್ಲಿದೆ ಎಂದು ಕೇಳಬೇಡಿ. ಸೂರ್ಯಗ್ರಹಣ ನೋಡಲಿಕ್ಕೆ ನಮ್ಮ ಓಣಿಯವರು ಒಯ್ದ ನೆಗೆಟಿವ್‌ಗಳಲ್ಲಿ ಅದೂ ಹೋಯಿತು. ಯಾರು ಒಯ್ದರು, ನಮ್ಮ ಮೂವತ್ತು ಮಂದಿಯ ಮೂಲಕ ಅವರಿಗೆ ಸೂರ್ಯ ಎಷ್ಟು ಕಂಡ, ನನಗೆ ಗೊತ್ತಿಲ್ಲ.

ಮೊದಲ ಬಲಿ ಇಂಡಿಯವರು. ಇಂಡಿ ಅಂದರೆ ದೇಶವಲ್ಲ, ಊರು. ಅತ್ತೆಯ ತಂಗಿಯ ಗಂಡ, ಮಾಮಾನ ಷಡ್ಡಕ, ಅಲ್ಲಿ ಲಿಂಬೆಯ ತೋಟ ಮಾಡಿಕೊಂಡಿದ್ದರು. ಉಪ್ಪಿನಕಾಯಿಗೆ ಎಂದು ಒಂದು ಚೀಲ ಲಿಂಬೆ ಕಳಿಸಿದರು. ಮೇಲಿನವು ದಪ್ಪ ದಪ್ಪ, ತಳದವು ಗೋಲಿ ಗುಂಡಿನಷ್ಟು. ಮಾಮಾ ಸ್ಕೇಲಿನಿಂದ ಒಂದೊಂದನ್ನೂ ಅಳೆದು ಎರಡು ಗುಂಪು ಮಾಡಿದರು. ಮರುದಿನ ಗೋಡೆಯ ಫೋಟೋ ಇಳಿಸಿ, ಕೈಚೀಲದಲ್ಲಿ ಹಾಕಿಕೊಂಡು, ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ನನ್ನ ಮುಂದೆ ಬಂದು ನಿಂತರು.

"ಇವನ್ನ ತೆಗಿ."

"ಯಾಕ್ರಿ ಮಾಮಾ, ಏನಾತು?"

"ಬೋರ್ಡಿನ್ಯಾಗ ಬೇಡವಾದವರನ್ನ ಅಂತ ಬರಸೀದಿ. ಯಾಕ ಬ್ಯಾಡಾತು ಅಂತ ಕೇಳ್ತೇನಿ ಅಂತೇನೂ ಬರಸಿಲ್ಲಲ್ಲ?"

ಫೋಟೋ ಸ್ಕ್ಯಾನ್ ಮಾಡಿಕೊಂಡೆ. ಮುಂದೆ ಬೇಕಾದೀತೆಂದು ಮೂಲವನ್ನು ಒಂದು ಸಿ.ಡಿ.ಗೆ ಹಾಕಿ ಮೇಲೆ "ಅಸಲು" ಎಂದು ಬರೆದಿಟ್ಟೆ. ಇಷ್ಟು ವರ್ಷದ ಕಸುಬಿನಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ಆಮೇಲೆ ಮಾಮಾನ ಹಿಂದೆ ನಿಂತಿದ್ದ ಷಡ್ಡಕರನ್ನು ಅರ್ಧ ದಿನ ಹೆಣಗಾಡಿ ಕಿತ್ತೆ, ಶಾಮಿಯಾನದ ಬಟ್ಟೆ ತಂದು ತೇಪೆ ಹಚ್ಚಿದೆ. ಮಾಮಾ ಭೂತಗನ್ನಡಿ ಹಿಡಿದು ಅಂಚು ನೋಡುತ್ತ ಹೋದವರು ತಮ್ಮ ಬಲ ಹೆಗಲ ಹತ್ತಿರ ನಿಂತುಬಿಟ್ಟರು.

"ಇದು ಯಾರ ಕೈ?"

ನೋಡುತ್ತೇನೆ, ಐದು ಬೆರಳಿನ ಒಂದು ಕೈ, ಉಂಗುರ ಸಮೇತ, ಮಾಮಾನ ಹೆಗಲ ಮೇಲೆ ಆರಾಮಾಗಿ ಕೂತಿದೆ! ಮನುಷ್ಯನನ್ನು ತೆಗೆದಿದ್ದೆ, ಅವನು ಪ್ರೀತಿಯಿಂದ ಇಟ್ಟ ಕೈಯನ್ನು ಮರೆತಿದ್ದೆ.

"ಇಂಡಿಯವರದ ರಿ ಮಾಮಾ."

"ಅಂವ ಹೋದಮ್ಯಾಲ ಕೈ ಯಾಕ ಇರಬೇಕು? ಹದ್ದು ಅಂದ್ರ ಹದ್ದು."

ಕೈ ತೆಗೆದರೆ ಹೆಗಲಲ್ಲಿ ತೂತು ಬೀಳುತ್ತದೆ. ಏನು ಮಾಡಲಿ? ಎಡ ಹೆಗಲ ಶಲ್ಯವನ್ನೇ ಒಂದು ತುಂಡು ನಕಲು ಮಾಡಿ ಬಲಕ್ಕೂ ಹೊದಿಸಿದೆ. ಷಡ್ಡಕನ ಋಣ ಹರಿದು ಮಾಮಾನ ಶಲ್ಯ ಗೇಣುದ್ದ ಬೆಳೆಯಿತು.

ಎರಡನೆಯವರು ಬೀಗರು. ತಮ್ಮ ಇನ್ನೊಬ್ಬ ಮಗನ ಮದುವೆ ಪತ್ರಿಕೆಯಲ್ಲಿ ಮಾಮಾನ ಹೆಸರನ್ನು ಕೆಳಗಿನಿಂದ ಮೂರನೆಯ ಸಾಲಿಗೆ ಹಾಕಿದ್ದರು. ಅದರ ಕೆಳಗೆ ಬ್ಯಾಂಡಿನವರು, ಅವರ ಕೆಳಗೆ ಪ್ರೆಸ್ಸಿನವರು. ಫೋಟೋ ಮತ್ತೆ ತಾಳಿಕೋಟೆಯಲ್ಲಿ ಬಸ್ಸು ಬದಲಿಸಿತು.

"ಬೀಗರನ್ನ ತೆಗಿ."

"ಮದುವಿ ಫೋಟೋದಾಗ ಹುಡುಗನ ಅಪ್ಪನ್ನ ತೆಗದ್ರ ಹ್ಯಾಂಗ ರಿ ಮಾಮಾ? ಹುಡುಗ ಎಲ್ಲಿಂದ ಬಂದ ಅಂತ ಮಂದಿ ಕೇಳ್ತಾರ."

"ಅದು ಅವನ ಹಣೇಬರ. ನೀ ತೆಗಿ."

ಬೀಗರು ಕೂತಿದ್ದರು ಎಂಬುದು ಇಲ್ಲಿನ ತೊಡಕು. ಕೂತವರನ್ನು ತೆಗೆದರೆ ಖುರ್ಚಿ ಖಾಲಿ ಉಳಿಯುತ್ತದೆ, ಖಾಲಿ ಖುರ್ಚಿ ಕಂಡರೆ ಯಾರು ಕೂತಿದ್ದರು ಎಂಬ ಪ್ರಶ್ನೆ ಬರುತ್ತದೆ. ಸಾಫ್ಟ್‌ವೇರಿನ ಜೊತೆ ಬಂದ ಸಿ.ಡಿ.ಯಲ್ಲಿ ಒಂದು ಹೂಕುಂಡದ ಚಿತ್ರ ಇತ್ತು. ಯಾವ ದೇಶದ ಗಿಡವೋ, ಎಲೆಗಳು ಆನೆಯ ಕಿವಿಯಷ್ಟು ಅಗಲ. ಅದನ್ನೇ ತಂದು ಖುರ್ಚಿಯ ಮೇಲೆ ಇಟ್ಟೆ. ಮುಂದೆ ಬೀಗರು ಏನೋ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಬಂದವರು ಆ ಫೋಟೋವನ್ನು ಬಹಳ ಹೊತ್ತು ನೋಡಿದರಂತೆ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಇಷ್ಟೇ ಹೇಳಿದರಂತೆ: "ನಾ ಕುಂತ ಜಾಗಾದಾಗ ಗಿಡಾ ಹಚ್ಚೀರಿ, ಛಲೋ ಆತು. ನೀರರ ಹಾಕ್ರಿ."

ಆಮೇಲೆ ಮೂರು, ನಾಲ್ಕು, ಐದು, ಆರು. ಒಬ್ಬರು ಮಾಮಾ ಹೇಳುತ್ತಿದ್ದ ಕತೆಯ ನಡುವೆ ಆಕಳಿಸಿದವರು, ಒಬ್ಬರು ಅವರ ಕೊಡೆ ಒಯ್ದು ಬೇರೆ ಕೊಡೆ ತಂದುಕೊಟ್ಟವರು, ಇನ್ನಿಬ್ಬರು ಆ ಇಬ್ಬರ ಪರವಾಗಿ ಮಾತಾಡಿದವರು. ಎಲ್ಲರ ಜಾಗಕ್ಕೂ ಅದೇ ಗಿಡ, ಯಾಕೆಂದರೆ ನನ್ನ ಹತ್ತಿರ ಇದ್ದದ್ದು ಅದೊಂದೇ. ಹೊಸಬರು ಆ ಫೋಟೋ ನೋಡಿ, "ಮದುವಿ ನರ್ಸರಿಯೊಳಗ ಆಗಿತ್ತೇನ್ರಿ?" ಎಂದು ಕೇಳತೊಡಗಿದರು. ಕಿತ್ತವರನ್ನು ಮಾತ್ರ ನಾನು ಎಸೆಯುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ "ತೆಗೆದವರು" ಎಂದು ಒಂದು ಫೋಲ್ಡರ್ ಮಾಡಿ ಅದರಲ್ಲಿ ಕೂಡಿಸಿದ್ದೆ. ಹೊರಗೆ ಒಬ್ಬರ ಮುಖ ಒಬ್ಬರು ನೋಡದವರು ಒಳಗೆ ಸಾಲಾಗಿ ಕೂತು ನಗುತ್ತಿದ್ದರು.

ಏಳನೆಯದು ನನ್ನದು ಎಂದೆನಲ್ಲ. ಅದು ಕಿವಿಯ ಪ್ರಕರಣ. ಪಿಂಚಣಿಯ ಕಾಗದಕ್ಕೆ ಮಾಮಾನ ಫೋಟೋ ತೆಗೆದು, ಹಿಂದಿನ ಗೋಡೆ ಅಳಿಸಿ ನೀಲಿ ಬಣ್ಣ ಹಾಕುವಾಗ ಮೌಸು ತನ್ನ ಹಳೆಯ ಚಾಳಿಯಂತೆ ಜಿಗಿಯಿತು. ನಾನು ನೋಡಿಕೊಳ್ಳಲಿಲ್ಲ. ಕಚೇರಿಯವರು ಫೋಟೋ ನೋಡಿದರು, ಮಾಮಾನ ಮುಖ ನೋಡಿದರು, "ಇದು ನಿಮ್ಮದಲ್ಲ, ಇದರಾಗ ಎಡಗಿವಿ ಇಲ್ಲ" ಎಂದು ಕಾಗದ ತಿರುಗಿಸಿ ಕೊಟ್ಟರು. ಊರೆಲ್ಲದರ ಹದ್ದು ಅಳೆದ ಮನುಷ್ಯ ತನ್ನ ಕಿವಿ ತನ್ನದೇ ಎಂದು ಸಾಬೀತು ಮಾಡಲು ಎರಡು ಸಲ ಅಡ್ಡಾಡಬೇಕಾಯಿತು. ಮೂರನೆಯ ದಿನ ಗ್ರೂಪ್ ಫೋಟೋ ಸಮೇತ ನನ್ನ ಅಂಗಡಿಯಲ್ಲಿ ಹಾಜರು.

"ಇವನ್ನ ತೆಗಿ," ಎಂದು ಹಿಂದಿನ ಸಾಲಿನ ಮೇಲೆ ಬೆರಳಿಟ್ಟರು. ಬೆರಳಿನ ಕೆಳಗೆ ನಾನಿದ್ದೆ.

"ಮಾಮಾ, ಇದು ನಾನ ರಿ."

"ಗೊತ್ತೈತಿ. ಕಿವಿಗಳ್ಳ. ತೆಗಿ."

ಕಸುಬು ಎಂದಮೇಲೆ ಕಸುಬು. ನನ್ನನ್ನು ನಾನೇ ದೊಡ್ಡದು ಮಾಡಿ ನೋಡಿಕೊಂಡೆ, ಗೆರೆ ಎಳೆದುಕೊಂಡೆ, ಕಿತ್ತುಕೊಂಡೆ. ಹಿಂದಿನ ಸಾಲಿನಲ್ಲಿ ಗಿಡ ಇಟ್ಟರೆ ಅದು ಮರವಾಗುತ್ತದೆಂದು ಬಲೂನು ಕಟ್ಟಿದೆ. ವಿಚಿತ್ರವೆಂದರೆ ಆ ಸಲ ಎರಡೂ ಕಿವಿ ಸರಿಯಾಗಿ ಬಂದವು. ಆಮೇಲೆ ಮಾಮಾ ನನ್ನ ಜೊತೆ ಮಾತು ಬಿಟ್ಟರು, ಅಂಗಡಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಬಂದು ಕೂತು, ಚಹಾ ಕುಡಿದು, ಮಾತಾಡದೆ ಹೋಗುವರು.

ಹೀಗಿರುವಾಗ ಒಂದು ಮಧ್ಯಾಹ್ನ ಮಾಮಾ ಬಂದರು. ಕೈಯಲ್ಲಿ ಫೋಟೋದ ಚೀಲ ಇರಲಿಲ್ಲ. ಚಹಾ ಬೇಡವೆಂದು ಕೈ ಆಡಿಸಿದರು. ಒಳಗೆ ಬಂದವರು ಎರಡು ತಿಂಗಳ ಮೇಲೆ ನನ್ನ ಜೊತೆ ಮೊದಲ ಸಲ ಮಾತಾಡಿದರು.

"ನಿಮ್ಮ ಅತ್ತಿನ್ನ ತೆಗಿ."

ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲೆ ಇಟ್ಟೆ. "ಅತ್ತೀನ್ರಿ?"

"ಹೂಂ. ಆ ಮದುವಿ ಫೋಟೋದಾಗಿಂದ. ಸಣ್ಣದು ಮಾಡು, ಕಿಸೆದಾಗ ಹಿಡೀಬೇಕು. ಚಂದ ತೆಗಿ. ಸಂಜಿ ಐದರ ಬಸ್ಸಿಗೆ ಹೋಗಬೇಕು ನಾ." ಇಷ್ಟು ಹೇಳಿ ಎದ್ದು, ಏನೋ ಔಷಧಿ ತರುವುದಿದೆ ಎಂದು ಪೇಟೆಗೆ ಹೋದರು.

ಈಗ ನನ್ನ ಬುದ್ಧಿ ಓಡಿದ ದಾರಿ ನೋಡಿ. ಸಕ್ಕರೆಯ ಜಗಳ ಕೊನೆಗೂ ಇಲ್ಲಿಗೆ ಬಂತು ಎಂದುಕೊಂಡೆ. ಗೋಡೆಯ ಫೋಟೋದಿಂದ ತೆಗೆಸಿದರೆ ಅತ್ತೆಗೆ ಕಾಣುತ್ತದೆ, ಅದಕ್ಕೇ ಚೀಲ ತಂದಿಲ್ಲ. ಗುಟ್ಟಾಗಿ ಕಿಸೆಯಲ್ಲಿ ಇಟ್ಟುಕೊಂಡು, ಸಿಟ್ಟು ಬಂದಾಗಲೆಲ್ಲ ತೆಗೆದು, ಹೆಂಡತಿಯಿಲ್ಲದ ತಮ್ಮ ಫೋಟೋ ನೋಡಿ ಸಮಾಧಾನ ಮಾಡಿಕೊಳ್ಳುವ ವಿಚಾರ ಇರಬೇಕು. ಎಂಥ ಕಿಲಾಡಿ ಎಂದು ನನಗೆ ಒಳಗೊಳಗೇ ಮೆಚ್ಚಿಗೆಯೂ ಆಯಿತು.

ನಿಜ ಹೇಳುತ್ತೇನೆ, ಅಂಥ ಕೆಲಸ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಮೌಸಿನ ಗುಂಡು ತೊಳೆದು ಒರೆಸಿ ಹಾಕಿದೆ. ಅತ್ತೆಯ ಸೆರಗಿನ ಅಂಚಿನ ಮೇಲೆ ಇರುವೆ ನಡೆದ ಹಾಗೆ ನಡೆದೆ. ಒಂದು ಎಳೆ ತಪ್ಪಲಿಲ್ಲ. ಕೊನೆಗೆ ದೊಡ್ಡದು ಮಾಡಿ ನೋಡಿದರೆ, ಮಾಮಾನ ಶಲ್ಯದ ಇಳಿಬಿದ್ದ ತುದಿಯಲ್ಲಿ ಕಂದು ಬಣ್ಣದ ನಾಲ್ಕು ಕಲೆ. ಮದುವೆಯ ಸಾರು ಬಿದ್ದಿರಬೇಕು ಎಂದು ಅದನ್ನೂ ಅಳಿಸಿ ಬೆಳ್ಳಗೆ ಮಾಡಿದೆ. ಯಾರೂ ಹೇಳದೆ ಮಾಡಿದ ಹೆಚ್ಚಿನ ಸೇವೆ ಅದು. ಖುರ್ಚಿಯ ಮೇಲೆ ಯಥಾಪ್ರಕಾರ ಗಿಡ ಇಟ್ಟೆ. ಪ್ರಿಂಟ್ ತೆಗೆದೆ.

ಮಾಮಾ ನಾಲ್ಕಕ್ಕೆ ಬಂದರು. ಫೋಟೋ ಕೈಗೆ ಕೊಟ್ಟೆ. ರೂಢಿಯಂತೆ ಭೂತಗನ್ನಡಿ ತೆಗೆದು ಅಂಚಿನಿಂದ ನೋಡುತ್ತ ಬಂದರು. ನಡುವಿನ ಖುರ್ಚಿಯ ಹತ್ತಿರ ಭೂತಗನ್ನಡಿ ನಿಂತಿತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

"ಎಲ್ಲಿ?" ಅಂದರು.

ನಾನು ಎದೆಯುಬ್ಬಿಸಿ ಹೇಳಿದೆ, "ಗುರುತು ಸಿಗಂಗಿಲ್ಲ ರಿ ಮಾಮಾ. ಅತ್ತಿ ಅಲ್ಲಿ ಇದ್ದೇ ಇರಲಿಲ್ಲ ಅನ್ನೂ ಹಂಗ ತೆಗದೇನಿ."

ಮಾಮಾ ಪಾಸ್‌ಪೋರ್ಟ್ ಫೋಟೋದವರು ಕೂಡುವ ಸ್ಟೂಲಿನ ಮೇಲೆ ಕೂತುಬಿಟ್ಟರು. ಭೂತಗನ್ನಡಿಯನ್ನು ಕಿಸೆಗೆ ಹಾಕಿಕೊಂಡರು.

"ನಾಳೆ ಆಕಿನ್ನ ಮಿರಜಕ್ಕ ಕರಕೊಂಡು ಹೊಂಟೇನಿ," ಅಂದರು. "ಹೊಟ್ಟ್ಯಾಗ ಗಡ್ಡಿ ಐತಿ ಅಂದಾರ. ಆಪರೇಶನ್ ಮಾಡತಾರ. ಒಳಗ ಒಯ್ದಾಗ ನನ್ನ ಹೊರಗ ಕುಂಡರಸ್ತಾರ. ಕುಂತಾಗ ಆಕಿದೊಂದು ಫೋಟೋ ಕಿಸೆದಾಗ ಇರಲಿ ಅಂದೆ. ಆಕಿದು ಒಬ್ಬಾಕಿದು ಅಂತ ಒಂದು ಫೋಟೋನೂ ಇಲ್ಲ ಮನ್ಯಾಗ."

ಅತ್ತೆಗೆ ಹೊಟ್ಟೆನೋವು ಎಂದು ಕೇಳಿದ್ದೆ. ಓಮದ ಕಷಾಯ ಕುಡಿದರೆ ಹೋಗುವ ನೋವು ಎಂದುಕೊಂಡಿದ್ದೆ. ಬಾಯಿಂದ ಒಂದೇ ಮಾತು ಬಂತು: "ನೀವು ತೆಗಿ ಅಂದ್ರಿ ಮಾಮಾ…"

"ತೆಗಿ ಅಂದ್ರ? ತಲಾಠಿಗೆ ಹೊಲದ ಉತಾರ ತೆಗಿ ಅಂತೀವಿ. ಉತಾರ ತೆಗಿ ಅಂದ್ರ ಹೊಲದ ದಾಖಲೆ ನಕಲು ಬರಕೊಡ್ತಾನ, ಹೊಲಾನ ತೆಗದ ಒಗೀತಾನೇನು?"

ಇಂಥ ಮಾತಿಗೆ ಬೇರೆ ಯಾವತ್ತಾದರೂ ಹೊಟ್ಟೆ ಹಿಡಿದು ನಗುತ್ತಿದ್ದೆ. ಅವತ್ತು ಮಾಮಾನ ಮುಖ ನೋಡಿ ನಗು ಬರಲಿಲ್ಲ. ಏಳು ಮಂದಿಯನ್ನು ತೆಗೆಸಿದ ಮನುಷ್ಯ ತನ್ನ ಪಕ್ಕದ ಖುರ್ಚಿ ನೋಡುತ್ತ ಕೂತಿದ್ದರು. ಆ ಖುರ್ಚಿಯ ಮೇಲೆ ನಾನಿಟ್ಟ ಗಿಡ ಹಚ್ಚಗೆ ನಗುತ್ತಿತ್ತು.

"ಒಂದು ತಾಸು ಐತ್ರಿ ಬಸ್ಸಿಗೆ. ಮಾಡಿ ಕೊಡ್ತೇನಿ," ಅಂದೆ. ಹೇಳಿ ಮುಗಿಸುವುದರೊಳಗೆ ಕರೆಂಟ್ ಹೋಯಿತು.

ಕಂಪ್ಯೂಟರಿಗೆ ಒಂದು ಯು.ಪಿ.ಎಸ್. ಇತ್ತು. ಹೊಸದಿದ್ದಾಗ ಇಪ್ಪತ್ತು ನಿಮಿಷ ಜೀವ ಹಿಡಿಯುತ್ತಿತ್ತು, ಈಗ ಎಷ್ಟೆಂದು ಅದಕ್ಕೇ ಗೊತ್ತು. ಕುಂಯ್ ಕುಂಯ್ ಎಂದು ಅಳಲು ಶುರುಮಾಡಿತು. "ತೆಗೆದವರು" ಫೋಲ್ಡರಿನಲ್ಲಿ ಅತ್ತೆ ಇದ್ದರು. ಅವರನ್ನೇ ಒಂದು ಬಿಳಿ ಹಾಳೆಯ ಮೇಲೆ ಇಟ್ಟು ಪ್ರಿಂಟ್ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಂಡು ತೆರೆದೆ. ನೋಡಿದರೆ ಅತ್ತೆಯ ಬಲಗೈಗೆ ಬೆರಳಿಲ್ಲ. ಅಂಗೈವರೆಗೆ ಇದೆ, ಮುಂದೆ ಏನೂ ಇಲ್ಲ. ಎಷ್ಟೋ ಮಂದಿಯ ಕಿವಿ ತಿಂದವನಿಗೆ ಬೆರಳು ಯಾವ ಲೆಕ್ಕ ಎಂದು ನನ್ನನ್ನೇ ಬೈದುಕೊಂಡೆ. ಮೂಲದಲ್ಲಿ ಬೆರಳು ಎಲ್ಲಿವೆ ಎಂದು ನೋಡಲೇಬೇಕಾಯಿತು. ಕಂಪ್ಯೂಟರಿನಲ್ಲಿದ್ದ ಪ್ರತಿಯಲ್ಲಿ ಆಗಲೇ ಗಿಡ ಕೂತಿತ್ತು, ಮೂಲ ಇದ್ದದ್ದು "ಅಸಲು" ಎಂದು ಬರೆದ ಸಿ.ಡಿ.ಯಲ್ಲಿ. ಆ ಸಿ.ಡಿ. ಎಲ್ಲಿ? ಡ್ರಾಯರಿನಲ್ಲಿಲ್ಲ, ಪೆಟ್ಟಿಗೆಯಲ್ಲಿಲ್ಲ. ಮೇಜಿನ ಮೇಲೆ ನೋಡುತ್ತೇನೆ, ನನ್ನ ಚಹಾದ ಕಪ್ಪಿನ ಕೆಳಗೆ ಅಂಗಾತ ಬಿದ್ದಿದೆ, ಎಷ್ಟು ತಿಂಗಳಿಂದಲೋ! ಅಂಗಿಯ ತುದಿಯಿಂದ ಒರೆಸಿ ಹಾಕಿದೆ, ಓದಲಿಲ್ಲ. ಮಾಮಾ ತಾವೇ ಇಸಿದುಕೊಂಡು ಧೋತರದಿಂದ ಒರೆಸಿ ಕೊಟ್ಟರು, ಓದಲಿಲ್ಲ. ಬಾಯಿಯ ಹಬೆ ಬಿಟ್ಟು ಮತ್ತೆ ಒರೆಸಿದೆ. ಗರಗರ ತಿರುಗಿ, ತಿಣುಕಿ, ಫೋಟೋ ತೆರೆಯಿತು.

ಅತ್ತೆ ಮತ್ತೆ ತಮ್ಮ ಖುರ್ಚಿಯಲ್ಲಿ ಬಂದು ಕೂತರು. ಬಲಗೈ ಹಿಡಿದು ಬೆರಳು ಹುಡುಕುತ್ತ ಹೋದೆ. ಎರಡು ಖುರ್ಚಿಗಳ ನಡುವೆ ಮಾಮಾನ ಶಲ್ಯದ ತುದಿ ಇಳಿಬಿದ್ದಿತ್ತಲ್ಲ, ಅದರ ಮೇಲೆ ಇದ್ದವು. ನಾಲ್ಕು. ಕಂದು ಬಣ್ಣದವು. ನಾನು ಸಾರಿನ ಕಲೆ ಎಂದು ಅಳಿಸಿದ್ದು ಅವನ್ನೇ. ಮೂವತ್ತು ಮಂದಿಯ ನಡುವೆ, ಯಾರಿಗೂ ಕಾಣದ ಹಾಗೆ, ಅತ್ತೆ ಗಂಡನ ಶಲ್ಯದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಫೋಟೋಕ್ಕೆ ಕೂತಿದ್ದರು.

ಯು.ಪಿ.ಎಸ್. ಬಡಬಡ ಅನ್ನತೊಡಗಿತು. ಬೆರಳಿನ ನಡುವಿನಿಂದ ಬಟ್ಟೆ ಬಿಡಿಸುತ್ತ ಕೂತರೆ ಅರ್ಧ ದಿನ ಬೇಕು. ಶಲ್ಯದ ಒಂದು ತುಂಡನ್ನು ಮುಷ್ಟಿಯಲ್ಲೇ ಬಿಟ್ಟು, ಅತ್ತೆಯ ಸುತ್ತ ದಡಬಡ ಗೆರೆ ಎಳೆದು, ಪ್ರಿಂಟ್ ಕೊಟ್ಟೆ. ಕಾಗದ ಪೂರ್ತಿ ಹೊರಗೆ ಬಂತು, ಕಂಪ್ಯೂಟರ್ ಜೀವ ಬಿಟ್ಟಿತು. ಅಂಚು ಸೊಟ್ಟ, ಸೆರಗಿನಲ್ಲಿ ಕಚ್ಚು. ನಾಚಿಕೆಯಿಂದಲೇ ಕೊಟ್ಟೆ. ಮಾಮಾ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಭೂತಗನ್ನಡಿ ತೆಗೆಯಲಿಲ್ಲ.

"ಕೈಯಾಗ ಇದೇನು ಬೆಳ್ಳಗ?"

"ನಿಮ್ಮ ಶಲ್ಯಾ ರಿ ಮಾಮಾ. ಅತ್ತಿ ಹಿಡಕೊಂಡಾರ. ಬಿಡಸಾಕ ಆಗಲಿಲ್ಲ."

"ಹಿಡಕೊಂಡಿದ್ಲೇನು?" ಮಾಮಾ ಫೋಟೋವನ್ನು ಕಣ್ಣಿಗೆ ಹತ್ತಿರ ತಂದರು. "ನನಗ ಗೊತ್ತ ಇಲ್ಲ ನೋಡು. ಗ್ವಾಡಿ ಮ್ಯಾಲಿಂದು ದಿನಾ ನೋಡತೇನಿ. ಮಂದೀದ ನೋಡಿದೆ, ಇದನ್ನ ನೋಡಲಿಲ್ಲ."

ಫೋಟೋವನ್ನು ಕಿಸೆಯಲ್ಲಿ ಸ್ಕೇಲಿನ ಹಿಂದೆ ಇಟ್ಟುಕೊಂಡು ಹೊರಟರು. ಮೆಟ್ಟಿಲಿಳಿದವರು ತಿರುಗಿ ನಿಂತರು.

"ತೆಗದವ್ರನ್ನೆಲ್ಲ ಹೊಳ್ಳಿ ಹಾಕು."

"ಎಲ್ಲಾರನ್ನೂ ರಿ? ಇಂಡಿಯವ್ರನ್ನ, ಬೀಗರನ್ನ?"

"ಎಲ್ಲಾರನ್ನೂ," ಅಂದರು. ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ, "ನಿನ್ನನ್ನೂ," ಅಂದರು.

ಅತ್ತೆ ತಿಂಗಳೊಪ್ಪತ್ತಿಗೆ ಮಿರಜದಿಂದ ಗಟ್ಟಿಯಾಗಿ ತಿರುಗಿ ಬಂದರು. ಬಂದ ದಿನವೇ ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಜಗಳವಾಯಿತು ಎಂಬ ಸುದ್ದಿ ಕೇಳಿ ನಾವೆಲ್ಲ ನಿಶ್ಚಿಂತರಾದೆವು. ಅಷ್ಟರಲ್ಲಿ ನಾನು ಏಳೂ ಮಂದಿಯನ್ನು ಹೊಳ್ಳಿ ಹಾಕಿದ್ದೆ. "ಅಸಲು" ಸಿ.ಡಿ. ಅವತ್ತು ತಿರುಗಿದ್ದೇ ಕೊನೆ, ಮತ್ತೆ ಬಾಯಿ ಬಿಡಲಿಲ್ಲ. ಹಾಗಾಗಿ "ತೆಗೆದವರು" ಫೋಲ್ಡರಿನಿಂದ ಒಬ್ಬೊಬ್ಬರನ್ನೇ ಕರೆತಂದು ಕೂಡಿಸಬೇಕಾಯಿತು. ಇಂಡಿಯವರು ಮೊದಲಿಗಿಂತ ತುಸು ದಪ್ಪಗೆ ಬಂದರು. ಬೀಗರ ಪಾದ ನೆಲಕ್ಕೆ ತಾಗಲಿಲ್ಲ. ನನ್ನ ತಲೆ ಬಂತು, ಬಲೂನಿನ ದಾರ ಹೋಗಲಿಲ್ಲ. ಶಲ್ಯದ ತುದಿಯಲ್ಲಿ ಆ ನಾಲ್ಕು ಬೆರಳನ್ನು ಮಾತ್ರ ಬಹಳ ಜೋಪಾನವಾಗಿ, ಮಾಮಾ ತಿರುಗಿ ಬಂದ ಮೇಲೆ ಅವರ ಕಿಸೆಯಲ್ಲಿದ್ದ ಅತ್ತೆಯ ಪ್ರಿಂಟನ್ನೇ ಸ್ಕ್ಯಾನ್ ಮಾಡಿ, ಇದ್ದ ಜಾಗದಲ್ಲೇ ಇಟ್ಟೆ. ಮಾಮಾ ಅದನ್ನು ಗೋಡೆಗೆ ಹಾಕಿಸಿದರು, ಏಳು ಮಂದಿಯನ್ನೂ ಒಂದೊಂದು ನೆವ ಹೇಳಿ ಮನೆಗೆ ಕರೆದು ತೋರಿಸಿದರು. ಮಂಚಗಳ ನಡುವಿನ ಸುಣ್ಣದ ಗೆರೆ ಅತ್ತೆ ಗುಡಿಸಿದ ಮೇಲೆ ಮತ್ತೆ ಬೀಳಲಿಲ್ಲ ಎಂದು ಅವ್ವ ಹೇಳಿದ್ದು ನೆನಪು.

ಮಾಮಾ ಅದಾದ ಮೇಲೆ ನಾಲ್ಕು ವರ್ಷ ಇದ್ದರು. ಅತ್ತೆಗಿಂತ ಮೊದಲು ಅವರೇ ಹೋದರು. ಮುಂಜಾನೆ ಚಹಾ ಕುಡಿದು, ಸಕ್ಕರೆ ಸರಿಯಾಗಿದೆ ಎಂದರಂತೆ. ಆಗಲೇ ನನಗೆ ಎದೆ ಧಸಕ್ ಅಂತು ಎಂದು ಅತ್ತೆ ಹೇಳುತ್ತಾರೆ.

ಮೂರನೆಯ ದಿನ ಅತ್ತೆ ನನ್ನನ್ನು ಕರೆದು ಗೋಡೆ ತೋರಿಸಿದರು. "ಅವರ್ನ ತೆಗಿಯಪ್ಪಾ," ಅಂದರು.

ಒಮ್ಮೆ ಸುಟ್ಟುಕೊಂಡ ಕೈ ನನ್ನದು. "ತೆಗಿ ಅಂದ್ರ ಯಾವ ತೆಗಿ ರಿ ಅತ್ತಿ?" ಎಂದು ಕೇಳಿಯೇಬಿಟ್ಟೆ.

ಅತ್ತೆ ಆ ಅಳುವಿನಲ್ಲೂ ನಕ್ಕರು. ಮಾಮಾ ಎಲ್ಲವನ್ನೂ ಅವರಿಗೆ ಹೇಳಿದ್ದರು. "ಬ್ಯಾರೆ ಮಾಡಿ ತೆಗಿ, ಮಾಲಿ ಹಾಕಾಕ," ಅಂದರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೆಲ್ಲಗೆ ಸೇರಿಸಿದರು: "ನನ್ನ ಬೆರಳು ಅಲ್ಲೇ ಇರಲಿ."

ಅಷ್ಟೊತ್ತಿಗೆ ನನ್ನ ಹತ್ತಿರ ಗುಂಡಿಲ್ಲದ ಹೊಸ ಮೌಸು ಬಂದಿತ್ತು, ಎಂಥ ಅಂಚನ್ನೂ ತಾನೇ ಹುಡುಕಿ ಕತ್ತರಿಸುವ ಹೊಸ ಸಾಫ್ಟ್‌ವೇರೂ ಬಂದಿತ್ತು. ಎಲ್ಲವನ್ನೂ ಬದಿಗಿಟ್ಟು ಕೈಯಿಂದಲೇ ಗೆರೆ ಎಳೆದೆ. ಎರಡೂ ಕಿವಿ ಇವೆ. ನಾನು ನಕಲು ಮಾಡಿ ಹೊದಿಸಿದ ಗೇಣುದ್ದ ಶಲ್ಯ ತೆಗೆದು ಅಲ್ಲಿ, ಫೋಲ್ಡರಿನಲ್ಲಿ ಉಳಿದಿದ್ದ ಇಂಡಿಯವರ ಕೈಯನ್ನೂ ಹೊಳ್ಳಿ ಇಟ್ಟೆ. ಎಡಕ್ಕೆ, ಶಲ್ಯದ ತುದಿಯಲ್ಲಿ, ನಾಲ್ಕು ಬೆರಳು.

ಹನ್ನೊಂದನೆಯ ದಿನ ಆ ಫೋಟೋಕ್ಕೆ ಮಾಲೆ ಹಾಕಿ ಎಲ್ಲರೂ ಸುತ್ತ ಕೂತಿದ್ದೆವು. ಇಂಡಿಯ ಷಡ್ಡಕರಿಗೆ ಕಣ್ಣು ಮಂಜಾಗಿತ್ತು. ಹತ್ತಿರ ಹೋಗಿ ನೋಡಿದವರು, ತಮ್ಮ ಕೈಯ ಗುರುತು ಹತ್ತದೆ, ಅತ್ತೆಯ ಬೆರಳಿನ ಗುರುತೂ ಹತ್ತದೆ, ನನ್ನ ಕಡೆ ಕೈ ಮಾಡಿ ಅತ್ತೆಗೆ ಹೇಳಿದರು, "ಏನವಾ, ಹೆಗಲ ಮ್ಯಾಲ ಏನೋ ಉಳದೈತಿ, ಶಲ್ಯಾದ ತುದಿಗೂ ಕಲೆ ಹಂಗ ಅದಾವ. ನಿಮ್ಮ ಅಳಿಯಗ ಹೇಳಿ ಸ್ವಚ್ಛ ತೆಗಸಬೇಕಿತ್ತು."

ಅತ್ತೆ ಫೋಟೋ ನೋಡಿದರು, ನನ್ನನ್ನು ನೋಡಿದರು.

"ತೆಗದಾನ ಅಂವ," ಅಂದರು. "ಛಲೋ ತೆಗದಾನ."